ಮೆಮೊರಿ ಚಿಪ್ ಉತ್ತರ ಕೊಡುತ್ತಿಲ್ಲವೇ? ಕೀಳುವ ಮುಂಚೆ ಇಷ್ಟು ನೋಡಿ

ಹೋದ ಬೇಸಿಗೆಯಲ್ಲಿ ಕುಷ್ಟಗಿ ಕಡೆಯ ಅಣ್ಣತಮ್ಮಂದಿರು ಗಂಗಾವತಿಯ ನನ್ನ ಅಂಗಡಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ತಂದರು. ಬೋರ್‌ವೆಲ್ ಒಂದೇ, ಹೊಲ ಎರಡು. ಯಾರ ಪಾಳಿಯಲ್ಲಿ ಪಂಪು ಎಷ್ಟು ತಾಸು ಓಡಿತು ಅನ್ನೋದನ್ನು ಆ ಡಬ್ಬಿ ಬರೆದಿಡುತ್ತದೆ. ಮೋಟರ್ ರಿಪೇರಿ, ಕೇಬಲ್ ಖರ್ಚು ಎಲ್ಲ ಆ ತಾಸಿನ ಮೇಲೆ ಹಂಚಿಕೆ. "ರಾತ್ರಿ ಕರೆಂಟ್ ಹೋಗಿ ಬಂತ್ರಿ ಅಣ್ಣಾರ, ಮುಂಜಾನೆ ನೋಡಿದ್ರ ಇಬ್ಬರದೂ ಸೊನ್ನೆ ಆಗೇತಿ" ಅಂದ ತಮ್ಮ. ಅಣ್ಣ ಏನೂ ಮಾತಾಡಲಿಲ್ಲ. ಅದಕ್ಕೂ ಮುಂಚೆ ಬೇರೆ ಕಡೆ ತೋರಿಸಿದ್ದರಂತೆ. ಅಲ್ಲಿ "ಚಿಪ್ ಹೋಗಿದೆ, ಹೊಸದು ಹಾಕೋಣ" ಅಂದಿದ್ದಾರೆ. ಪುಣ್ಯಕ್ಕೆ ಇವರು ಹಾಕಿಸಿರಲಿಲ್ಲ.

ಹೊಸ ಚಿಪ್ ಹಾಕಿದ್ದರೆ ಡಬ್ಬಿಯೇನೋ ಓಡುತ್ತಿತ್ತು. ಆದರೆ ಹಳೇ ಚಿಪ್ಪಿನ ಜೊತೆ ವರ್ಷದ ಲೆಕ್ಕವೂ ಕಸದ ಬುಟ್ಟಿಗೆ ಹೋಗುತ್ತಿತ್ತು. ನನ್ನ ಮೇಜಿಗೆ "ಸತ್ತಿದೆ" ಅಂತ ಬಂದ ಮೆಮೊರಿ ಚಿಪ್ಪುಗಳಲ್ಲಿ ಬಹಳಷ್ಟು ಚೆನ್ನಾಗಿಯೇ ಇದ್ದವು. ಕೆಟ್ಟದ್ದು ಅದಕ್ಕೆ ಹೋಗುವ ವೈರು, ವೋಲ್ಟೇಜು, ಇಲ್ಲವೇ ಪ್ರೋಗ್ರಾಮಿನ ಒಂದು ಸಾಲು. ಅದಕ್ಕೇ ಈ ಕೈಪಿಡಿ. ಮಿಲ್ಲಿನ ಡ್ರೈಯರ್ ಲಾಗರ್ (ಅಳತೆ ಬರೆದಿಡುವ ಡಬ್ಬಿ), ಪಂಪ್ ಟೈಮರ್ ರಿಪೇರಿ ಮಾಡುವವರಿಗೂ, ಪ್ರಾಜೆಕ್ಟ್ ಹಿಡಿದು ಒದ್ದಾಡುತ್ತಿರುವ ಡಿಪ್ಲೊಮಾ ಹುಡುಗ ಹುಡುಗಿಯರಿಗೂ ಇದು ಉಪಯೋಗಕ್ಕೆ ಬರಲಿ.

ನಾನು ಹೇಳುವುದು ಎರಡು ಜಾತಿಯ ಚಿಪ್ ಬಗ್ಗೆ. ಎರಡಕ್ಕೂ ಎಂಟೇ ಕಾಲು, ಕರೆಂಟ್ ಹೋದರೂ ಎರಡೂ ಬರೆದದ್ದನ್ನು ಉಳಿಸಿಕೊಳ್ಳುತ್ತವೆ. ಒಂದು, 24ಸಿ32, 24ಸಿ256 ತರಹದ ಇಇಪ್ರಾಮ್. ಇದು ಎಸ್‌ಡಿಎ, ಎಸ್‌ಸಿಎಲ್ ಎಂಬ ಎರಡು ವೈರಿನ ಐ2ಸಿ ದಾರಿಯಲ್ಲಿ ಮಾತಾಡುತ್ತದೆ; ಮೊದಲನೆಯದು ಡೇಟಾ ಲೈನು, ಎರಡನೆಯದು ಬಿಟ್ಟಿಗೊಂದು ತಾಳ ಹಾಕುವ ಕ್ಲಾಕ್ ಲೈನು. ಇನ್ನೊಂದು, ಡಬ್ಲ್ಯು25ಕ್ಯು32 ತರಹದ ಫ್ಲ್ಯಾಶ್. ಇದಕ್ಕೆ ನಾಲ್ಕು ವೈರಿನ ಎಸ್‌ಪಿಐ. ಮೇಲೆ ಬರೆದಿರುವ ನಂಬರನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿಕೊಳ್ಳಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

## ಡಬ್ಬಿ ಬಿಚ್ಚುವ ಮುಂಚೆ

ಪಂಪ್ ಸ್ಟಾರ್ಟರಿನ ಪಕ್ಕದಲ್ಲಿರುವ ಡಬ್ಬಿ ಅಂದರೆ ಅಲ್ಲಿ 415 ವೋಲ್ಟಿನ ತ್ರೀಫೇಸ್ ಇದೆ. ನಮ್ಮ ಕಡೆ ಹೊಲದ ಲೈನಿಗೆ ಕರೆಂಟ್ ಯಾವ ಹೊತ್ತಿಗೆ ಬರುತ್ತದೋ ಹೇಳೋಕಾಗಲ್ಲ. "ಈಗ ಕರೆಂಟ್ ಇಲ್ಲ, ಬಿಚ್ಚೋಣ" ಅನ್ನುವುದು ಅಪಾಯ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಟೆಸ್ಟರ್ ಹಿಡಿದು ಮೂರೂ ಫೇಸ್ ನೋಡಿ. ಒಳಗಿನ ಬೋರ್ಡನ್ನು ಬಿಚ್ಚಿಕೊಂಡು ಬಂದು ಮೇಜಿನ ಮೇಲೆ ಕೆಲಸ ಮಾಡಿ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ಕಂಟ್ರೋಲರುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. ಒಂದು ದಪ್ಪ ಚೌಕಾಕಾರದ ಕೆಪಾಸಿಟರ್ ಮೂಲಕ 230 ವೋಲ್ಟನ್ನೇ ಇಳಿಸಿಕೊಂಡಿರುತ್ತಾರೆ. ಅಂಥ ಬೋರ್ಡಿನ ಗ್ರೌಂಡು ಕೂಡ ಲೈವ್. ಮೇನ್ಸಿಗೆ ಹಾಕಿರುವಾಗ ಅದಕ್ಕೆ ಲ್ಯಾಪ್‌ಟಾಪಿನ ಯುಎಸ್‌ಬಿ ಚುಚ್ಚಿದರೆ ಲ್ಯಾಪ್‌ಟಾಪ್ ಸುಟ್ಟೀತು, ನಿಮಗೂ ಹೊಡೆದೀತು. ಮೇನ್ಸ್ ಪೂರ್ತಿ ಬಿಡಿಸಿ, ಹೊರಗಿನ 5 ವೋಲ್ಟ್ ಅಡಾಪ್ಟರಿನಿಂದ ಮಾತ್ರ ಬೋರ್ಡನ್ನು ಎಬ್ಬಿಸಿ. ಈ ವಿಷಯದಲ್ಲಿ ಅನುಮಾನ ಇದ್ದರೆ ಮುಂದೆ ಹೋಗಬೇಡಿ, ಗೊತ್ತಿರುವವರಿಗೆ ತೋರಿಸಿ.

ಮೂರನೆಯದು ಚಿಪ್ಪಿನ ಒಳಗಿನ ಮಾಹಿತಿಗೆ ಸಂಬಂಧಿಸಿದ್ದು. ಬಳಕೆಯಲ್ಲಿದ್ದ ಯಂತ್ರವಾದರೆ, ಟೆಸ್ಟ್ ಪ್ರೋಗ್ರಾಮಿನಲ್ಲಿ ಓದುವ ಸಾಲು ಮಾತ್ರ ಇರಲಿ. ಚಿಪ್ ಒಂದು ಸಲ ಉತ್ತರ ಕೊಟ್ಟಿತೋ, ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಓದಿ ಫೈಲಿಗೆ ಉಳಿಸಿ. ಬರೆದು ನೋಡುವ ಪರೀಕ್ಷೆ ಏನಿದ್ದರೂ ಆಮೇಲೆ.

## ಸ್ಕ್ಯಾನ್ ಮಾಡಿದರೆ ಯಾವ ವಿಳಾಸವೂ ಸಿಗುತ್ತಿಲ್ಲ

ಅತಿ ಹೆಚ್ಚು ಜನ ಹೇಳುವ ದೂರು ಇದು. ಐ2ಸಿ ಸ್ಕ್ಯಾನರ್ ಪ್ರೋಗ್ರಾಮ್ ಮಾಡುವ ಕೆಲಸ ಇಷ್ಟೇ: ಒಂದೊಂದೇ ವಿಳಾಸ ಕೂಗುತ್ತದೆ, ಆ ವಿಳಾಸದ ಚಿಪ್ ಇದ್ದರೆ ಡೇಟಾ ಲೈನನ್ನು ಒಂದು ಕ್ಷಣ ಕೆಳಗೆ ಎಳೆಯುತ್ತದೆ. ಕಥೆ ಕೇಳುವ ಮಗು ಹೂಂಗುಟ್ಟುವ ಹಾಗೆ. ಪ್ರತಿ ಎಂಟು ಬಿಟ್ ಆದಮೇಲೆ ಒಂದು ಹೂಂ. ಆ ಹೂಂ ಬರದಿದ್ದರೆ ಕೆಳಗಿನ ಕ್ರಮದಲ್ಲಿ ನೋಡಿ.

ಮೊದಲು ವೋಲ್ಟೇಜ್. ಮೀಟರಿನ ಕಪ್ಪು ಮುಳ್ಳು ಚಿಪ್ಪಿನ 4ನೇ ಕಾಲಿಗೆ, ಕೆಂಪು ಮುಳ್ಳು 8ನೇ ಕಾಲಿಗೆ. ಬೋರ್ಡಿನ ಟರ್ಮಿನಲ್ಲಿನಲ್ಲಿ ನೋಡಿದರೆ ಸಾಲದು, ಚಿಪ್ಪಿನ ಕಾಲಿನ ಮೇಲೇ ಮುಳ್ಳು ಇಡಬೇಕು. 1ನೇ ಕಾಲಿನ ಹತ್ತಿರ ಒಂದು ಚುಕ್ಕೆ ಅಥವಾ ಒಂದು ಬದಿಗೆ ಕಚ್ಚು ಇರುತ್ತದೆ, ಅಲ್ಲಿಂದ ಎಡಸುತ್ತಾಗಿ ಎಣಿಸಿ. 3.3 ಅಥವಾ 5 ಬಂದರೆ ಸರಿ. 2, 2.5 ಅಂತ ವಿಚಿತ್ರ ಸಂಖ್ಯೆ ಬಂದರೆ ಎಚ್ಚರ: 8ನೇ ಕಾಲಿಗೆ ಬರುವ ಸಪ್ಲೈ ಎಲ್ಲೋ ತುಂಡಾಗಿದೆ, ಚಿಪ್ಪು ಡೇಟಾ ಲೈನಿನಿಂದ ಕಳ್ಳದಾರಿಯಲ್ಲಿ ಅರೆಬರೆ ಕರೆಂಟ್ ಕುಡಿಯುತ್ತಿದೆ. ಇಂಥ ಚಿಪ್ ಒಮ್ಮೊಮ್ಮೆ ಉತ್ತರವನ್ನೂ ಕೊಟ್ಟು ದಿನವಿಡೀ ದಾರಿ ತಪ್ಪಿಸುತ್ತದೆ.

ಎರಡನೆಯದು ಗ್ರೌಂಡ್. ಕಂಟ್ರೋಲರ್ (ಪ್ರೋಗ್ರಾಮ್ ಓಡಿಸುವ ಚಿಪ್) ಬೋರ್ಡಿಗೆ ಬೇರೆ ಅಡಾಪ್ಟರ್, ಮೆಮೊರಿ ಮಾಡ್ಯೂಲಿಗೆ ಬೇರೆ ಅಡಾಪ್ಟರ್ ಕೊಟ್ಟು, ಎರಡರ ಗ್ರೌಂಡ್ ಸೇರಿಸದೆ ಬಿಟ್ಟವರು ಬಹಳ ಜನ. ಮೀಟರನ್ನು ಕಂಟಿನ್ಯುಟಿಗೆ (ತಂತಿ ಕೂಡಿದ್ದರೆ ಬೀಪ್ ಅನ್ನುವ ಜಾಗಕ್ಕೆ) ಇಟ್ಟರೆ ಎರಡೂ ಗ್ರೌಂಡ್ ನಡುವೆ ಬೀಪ್ ಬರಬೇಕು.

ಆಮೇಲೆ ವೈರ್ ಅದಲುಬದಲು. ಕಂಟ್ರೋಲರ್ ಬೋರ್ಡುಗಳ ಪೈಕಿ ಅರ್ಡುಯಿನೋ ಊನೋದಲ್ಲಿ ಎಸ್‌ಡಿಎ ಎ4, ಎಸ್‌ಸಿಎಲ್ ಎ5. ಇಎಸ್‌ಪಿ32ರಲ್ಲಿ ಸಾಮಾನ್ಯವಾಗಿ 21 ಮತ್ತು 22. ನೋಡ್‌ಎಂಸಿಯು ಬೋರ್ಡಿನಲ್ಲಿ ಎಸ್‌ಡಿಎ ಡಿ2, ಎಸ್‌ಸಿಎಲ್ ಡಿ1. ಚಿಪ್ಪಿನ ಕಡೆ ಎಸ್‌ಡಿಎ 5ನೇ ಕಾಲು, ಎಸ್‌ಸಿಎಲ್ 6ನೇ ಕಾಲು. ಅದಲುಬದಲಾದರೆ ಏನೂ ಸುಡುವುದಿಲ್ಲ, ಸುಮ್ನೆ ಉತ್ತರ ಬರೋದಿಲ್ಲ ಅಷ್ಟೇ. ಜಂಪರ್ ವೈರನ್ನೂ ನಂಬಬೇಡಿ. ಹೊರಗೆ ಚೆನ್ನಾಗಿದ್ದು ಒಳಗೆ ತಂತಿ ಕಳಚಿರುತ್ತದೆ. ಪ್ರತಿಯೊಂದನ್ನೂ ಬೀಪ್ ಹಾಕಿ, ಸ್ವಲ್ಪ ಅಲ್ಲಾಡಿಸಿ ನೋಡಿ.

ಈಗ ಪುಲ್-ಅಪ್. ನನ್ನ ಪ್ರಕಾರ ಈ ದೂರಿನ ಜೀವಾಳ ಇದು, ನಿಧಾನವಾಗಿ ಓದಿ. ಐ2ಸಿಯಲ್ಲಿ ಚಿಪ್ಪಾಗಲಿ ಕಂಟ್ರೋಲರಾಗಲಿ ಲೈನನ್ನು ಕೆಳಗೆ ಎಳೆಯಬಲ್ಲವೇ ಹೊರತು ಮೇಲಕ್ಕೆ ತಳ್ಳುವುದಿಲ್ಲ. ಮೇಲಕ್ಕೆ ತರುವುದು ರೆಸಿಸ್ಟರ್ ಕೆಲಸ. ಎರಡೂ ಲೈನಿನಿಂದ ಸಪ್ಲೈಗೆ ಒಂದೊಂದು 4.7 ಕೆ (ಕಿಲೋಓಮ್) ರೆಸಿಸ್ಟರ್ ಇರಬೇಕು, ಇದೇ ಪುಲ್-ಅಪ್. ಮಾತುಕತೆ ನಡೆಯದ ಹೊತ್ತಿನಲ್ಲಿ ಎಸ್‌ಡಿಎ, ಎಸ್‌ಸಿಎಲ್ ಎರಡನ್ನೂ ಅಳೆಯಿರಿ. ಎರಡೂ ಸಪ್ಲೈ ವೋಲ್ಟೇಜಿನಷ್ಟೇ ಇದ್ದರೆ ಒಳ್ಳೆಯದು. 0.4, 0.9, 1.3 ಅಂತ ಅಲೆದಾಡುತ್ತಿದ್ದರೆ ರೆಸಿಸ್ಟರ್ ಇಲ್ಲ. ಎರಡೂ ಪೂರ್ತಿ ಸೊನ್ನೆ ಇದ್ದರೆ ಶಾರ್ಟ್, ಅಥವಾ ರೆಸಿಸ್ಟರಿಗೆ ಸಪ್ಲೈ ಇಲ್ಲ. ಎಸ್‌ಸಿಎಲ್ ಮೇಲಿದ್ದು ಎಸ್‌ಡಿಎ ಒಂದೇ ಸೊನ್ನೆಯಲ್ಲಿ ಕೂತಿದ್ದರೆ ಚಿಪ್ ಲೈನ್ ಹಿಡಿದುಕೊಂಡಿದೆ, ಅದರ ಬಿಡುಗಡೆ ಮುಂದೆ ಹೇಳುತ್ತೇನೆ.

ಇಲ್ಲೊಂದು ಮೋಸ ಇದೆ. ಊನೋದಲ್ಲಿ ಐ2ಸಿ ಮಾತುಕತೆ ನೋಡಿಕೊಳ್ಳುವ "ವೈರ್" ಎಂಬ ಸಿದ್ಧ ಪ್ರೋಗ್ರಾಮ್ (ವೈರ್ ಲೈಬ್ರರಿ) ತನ್ನ ಒಳಗಿನ ಪುಲ್-ಅಪ್ ಆನ್ ಮಾಡುತ್ತದೆ. ಅದು 20ರಿಂದ 50 ಕೆ, ಬಹಳ ಸಡಿಲ. ಮೀಟರ್ 5 ವೋಲ್ಟ್ ತೋರಿಸುತ್ತದೆ, ನಾವು ಸರಿ ಇದೆ ಅಂದುಕೊಳ್ಳುತ್ತೇವೆ. ಆದರೆ ಸಿಗ್ನಲ್ ಮೇಲೇಳುವಷ್ಟರಲ್ಲಿ ಮುಂದಿನ ಬಿಟ್ಟಿನ ಸಮಯ ಬಂದುಬಿಟ್ಟಿರುತ್ತದೆ. ಅದಕ್ಕೆ ಸಪ್ಲೈ ಪೂರ್ತಿ ತೆಗೆದು, ಎಸ್‌ಡಿಎಯಿಂದ 8ನೇ ಕಾಲಿಗೆ ರೆಸಿಸ್ಟೆನ್ಸ್ ಅಳೆಯಿರಿ. 4.7 ಕೆ ಸುತ್ತಮುತ್ತ ಬಂದರೆ ನಿಜವಾದ ರೆಸಿಸ್ಟರ್ ಇದೆ. ಎರಡು ಮಾಡ್ಯೂಲ್ ಸೇರಿದ್ದರೆ 2.35 ಕೆ ಬರುತ್ತದೆ, ಅದೂ ನಡೆಯುತ್ತದೆ. ನಾಲ್ಕೈದು ಮಾಡ್ಯೂಲ್ ಸೇರಿ 1 ಕೆ ಆಸುಪಾಸಿಗೆ ಇಳಿದಿದ್ದರೆ ತೊಂದರೆ. 5 ವೋಲ್ಟಿನಲ್ಲಿ 1.5 ಕೆಗಿಂತ ಕೆಳಗೆ ಹೋದರೆ ಚಿಪ್ಪಿಗೆ ಲೈನನ್ನು ಪೂರ್ತಿ ಕೆಳಗೆ ಎಳೆಯುವ ಶಕ್ತಿ ಇರುತ್ತದೆ ಅನ್ನೋ ಖಾತ್ರಿ ಇಲ್ಲ. ಕೆಲವು ಮಾಡ್ಯೂಲಿನ ರೆಸಿಸ್ಟರ್ ತೆಗೆಯಿರಿ.

ಇಷ್ಟೆಲ್ಲ ಸರಿ ಇದ್ದರೆ ವಿಳಾಸ ನೋಡಿ. 24ಸಿ ಚಿಪ್ಪುಗಳ ವಿಳಾಸ 0ಎಕ್ಸ್50ರಿಂದ 0ಎಕ್ಸ್57. 0ಎಕ್ಸ್ ಅಂದರೆ ಹದಿನಾರರ ಲೆಕ್ಕದ (ಹೆಕ್ಸ್) ಸಂಖ್ಯೆ, ಅದರಲ್ಲಿ 9 ಆದಮೇಲೆ ಎಯಿಂದ ಎಫ್. ಕೊನೆಯ ಅಂಕಿಯನ್ನು 1, 2, 3ನೇ ಕಾಲುಗಳು ನಿರ್ಧರಿಸುತ್ತವೆ. ಮೂರೂ ಗ್ರೌಂಡಿಗೆ ಇದ್ದರೆ 50, ಮೂರೂ ಸಪ್ಲೈಗೆ ಇದ್ದರೆ 57. ಡಿಎಸ್3231 ಗಡಿಯಾರದ ನೀಲಿ ಮಾಡ್ಯೂಲ್ ಎಲ್ಲರ ಹತ್ತಿರ ಇದೆಯಲ್ಲ, ಅದರ ಮೇಲಿರುವ 24ಸಿ32 ಬರುವುದು 57ರಲ್ಲಿ, ಗಡಿಯಾರ 68ರಲ್ಲಿ. 68 ಸಿಕ್ಕಿ 57 ಸಿಗದಿದ್ದರೆ ವೈರು, ಪುಲ್-ಅಪ್ ಎಲ್ಲ ಸರಿ ಇದೆ ಅಂತಲೇ ಅರ್ಥ, ಹುಡುಕಾಟ ಆ ಒಂದು ಚಿಪ್ಪಿನ ಸುತ್ತ ಸಾಕು. ಪುಸ್ತಕದಲ್ಲಿ 0ಎಕ್ಸ್ಎ0 ಅಂತ ಓದಿ ಹಾಗೇ ಪ್ರೋಗ್ರಾಮಿಗೆ ಹಾಕಿದವರೂ ಇದ್ದಾರೆ. ಅದು ಓದು-ಬರೆ ಬಿಟ್ ಸೇರಿಸಿದ ಎಂಟು ಬಿಟ್ಟಿನ ರೂಪ. ಅರ್ಡುಯಿನೋಗೆ ಏಳು ಬಿಟ್ಟಿನ 0ಎಕ್ಸ್50 ಕೊಡಬೇಕು.

ಅದೇ ನೀಲಿ ಮಾಡ್ಯೂಲಿನ ಬಗ್ಗೆ ಒಂದು ಎಚ್ಚರಿಕೆ ಕೊಟ್ಟೇ ಮುಂದೆ ಹೋಗುತ್ತೇನೆ. ಅದರಲ್ಲಿ ನಾಣ್ಯದ ಸೆಲ್ಲನ್ನು ಚಾರ್ಜ್ ಮಾಡುವ ದಾರಿ ಇರುತ್ತದೆ. ಚಾರ್ಜ್ ಆಗದ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬಬಹುದು, ಸೋರಬಹುದು. ಚಾರ್ಜಿಂಗ್ ದಾರಿಯ ಡಯೋಡ್ ಅಥವಾ ಅದರ ಪಕ್ಕದ ರೆಸಿಸ್ಟರ್ ತೆಗೆದುಬಿಡಿ.

ಎರಡು ವೋಲ್ಟೇಜ್ ಬೆರೆಸಿದ್ದರೂ ಹೀಗಾಗುತ್ತದೆ. ಚಿಪ್ಪಿಗೆ 5 ವೋಲ್ಟ್ ಕೊಟ್ಟರೆ, ಅದು "ಮೇಲೆ" ಅಂತ ಒಪ್ಪಿಕೊಳ್ಳಲು 3.5 ವೋಲ್ಟ್ ಬೇಕು. ಲೈನುಗಳು 3.3ರಲ್ಲಿ ಇದ್ದರೆ ಒಂದು ದಿನ ನಡೆಯುತ್ತದೆ, ಒಂದು ದಿನ ಇಲ್ಲ. ಇನ್ನು ಮಾಡ್ಯೂಲಿನ ಪುಲ್-ಅಪ್ 5 ವೋಲ್ಟಿಗೆ ಇದ್ದರೆ ಇಎಸ್‌ಪಿ32ರ ಪಿನ್ನಿಗೇ ಪೆಟ್ಟು. 24ಸಿ32 ಚಿಪ್ 3.3ರಲ್ಲಿ ಆರಾಮಾಗಿ ಓಡುತ್ತದೆ, ಇಎಸ್‌ಪಿ32 ಜೊತೆ ಅದನ್ನೇ ಕೊಡಿ.

## ಓದಲು ಬರುತ್ತದೆ, ಬರೆದದ್ದು ಮಾತ್ರ ನಿಲ್ಲುವುದಿಲ್ಲ

ಇದಕ್ಕೆ ಹಣ ಖರ್ಚಿಲ್ಲದ ಎರಡು ತಪಾಸಣೆ ಸಾಕಾಗುತ್ತದೆ.

7ನೇ ಕಾಲು ನೋಡಿ. ಅದು ಬರೆಯುವುದಕ್ಕೆ ಬೀಗ. ಸಪ್ಲೈಗೆ ಸೇರಿಸಿದ್ದರೆ ಚಿಪ್ ಓದಿಸುತ್ತದೆ, ಬರೆಸಿಕೊಳ್ಳುವುದಿಲ್ಲ. ಕೆಲವು ಕಂಪನಿಯ ಚಿಪ್ಪು ಬೀಗ ಹಾಕಿದ್ದರೂ ಹೂಂ ಅನ್ನುತ್ತದೆ, ಪ್ರೋಗ್ರಾಮಿಗೆ ಎಲ್ಲ ಸರಿಹೋದ ಹಾಗೇ ಕಾಣುತ್ತದೆ. ಎಲ್ಲಿಗೂ ಸೇರಿಸದೆ ತೇಲಲು ಬಿಟ್ಟಿದ್ದರೆ ಇನ್ನೂ ಕಷ್ಟ, ಬೆರಳು ಹತ್ತಿರ ಹೋದಾಗ ಒಂದು ತರಹ, ದೂರ ಹೋದಾಗ ಇನ್ನೊಂದು ತರಹ. ಗ್ರೌಂಡಿಗೆ ಸೇರಿಸಿ.

ಎರಡನೆಯದು ಅವಸರ. ಇಇಪ್ರಾಮ್ ಒಂದು ಸಲ ಬರೆಯಲು 5 ಮಿಲಿಸೆಕೆಂಡ್ ವರೆಗೆ ತೆಗೆದುಕೊಳ್ಳುತ್ತದೆ, ಹಳೇ ಚಿಪ್ಪುಗಳು 10. ಆ ಹೊತ್ತಿನಲ್ಲಿ ಅದು ಯಾರ ಮಾತಿಗೂ ಹೂಂ ಅನ್ನೋದಿಲ್ಲ. ಲೂಪಿನಲ್ಲಿ ಒಂದರ ಹಿಂದೆ ಒಂದು ಬೈಟ್ ಕಳಿಸಿದರೆ ಮೊದಲನೆಯದು ಉಳಿದು ಎರಡನೆಯದು ಕಳೆದುಹೋಗುತ್ತದೆ. ಬರೆದ ಕೂಡಲೇ ಓದಿದರೂ ಕಸ ಬರುತ್ತದೆ. ಪರೀಕ್ಷೆಗೆ ಪ್ರತಿ ಬರಹದ ನಂತರ 10 ಮಿಲಿಸೆಕೆಂಡ್ ಕಾಯಿಸಿ ನೋಡಿ. ಸರಿಹೋದರೆ ಕಾರಣ ಸಿಕ್ಕಿತು. ಆಮೇಲೆ ಅದನ್ನು ಚೊಕ್ಕ ಮಾಡಬಹುದು: ಚಿಪ್ಪಿನ ವಿಳಾಸವನ್ನು ಮತ್ತೆ ಮತ್ತೆ ಕೂಗುತ್ತಾ ಇರಿ, ಹೂಂ ಬಂದ ಕ್ಷಣ ಅದರ ಕೆಲಸ ಮುಗಿದಿದೆ.

ಅರ್ಡುಯಿನೋದಲ್ಲಿ ಕಳಿಸುವುದನ್ನು ಮುಗಿಸುವ ಎಂಡ್‌ಟ್ರಾನ್ಸ್‌ಮಿಷನ್ ಎಂಬ ಆಜ್ಞೆ ಒಂದು ಸಂಖ್ಯೆ ವಾಪಸ್ ಕೊಡುತ್ತದೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ದಯವಿಟ್ಟು ಪ್ರಿಂಟ್ ಮಾಡಿ. 0 ಅಂದರೆ ಸರಿ. 1 ಅಂದರೆ ಒಂದೇ ಸಲಕ್ಕೆ ಜಾಸ್ತಿ ತುಂಬಿದ್ದೀರಿ. 2 ಅಂದರೆ ವಿಳಾಸಕ್ಕೇ ಉತ್ತರ ಇಲ್ಲ. 3 ಅಂದರೆ ವಿಳಾಸಕ್ಕೆ ಹೂಂ ಅಂದು ಡೇಟಾಕ್ಕೆ ಒಲ್ಲೆ ಅಂದಿದೆ, 7ನೇ ಕಾಲಿನ ಮೇಲೆ ಅನುಮಾನ ಪಡಿ. 5 ಅಂದರೆ ಟೈಮ್‌ಔಟ್.

## ಬರೆದದ್ದು ಬೇರೆ ಜಾಗದಲ್ಲಿ ಕಾಣುತ್ತದೆ, ಹಿಂದಿನದು ಅಳಿಸುತ್ತದೆ

ಒಬ್ಬ ಹುಡುಗಿ ತನ್ನ ಪ್ರಾಜೆಕ್ಟ್ ತಂದಿದ್ದಳು. ಭತ್ತದ ಗೋದಾಮಿನ ಉಷ್ಣತೆ, ತೇವ ಬರೆದಿಡುವ ಲಾಗರ್. 24ಸಿ32ಕ್ಕೆ 40 ಅಕ್ಷರದ ಸಾಲು ಬರೆದರೆ, ಸಾಲಿನ ಬಾಲ ಬಂದು ತಲೆಯ ಮೇಲೆ ಕೂರುತ್ತಿತ್ತು. ಪ್ರೋಗ್ರಾಮ್ ಎಷ್ಟು ಸಲ ಓದಿದರೂ ತಪ್ಪು ಕಾಣದೆ ಮೂರು ದಿನ ನಿದ್ದೆಗೆಟ್ಟಿದ್ದಳು.

ತಪ್ಪು ಇದ್ದದ್ದು ಪುಟದ ಲೆಕ್ಕದಲ್ಲಿ. 24ಸಿ32ರಲ್ಲಿ ಒಂದು ಪುಟ ಅಂದರೆ 32 ಬೈಟ್, 24ಸಿ256ರಲ್ಲಿ 64. ಪುಟದ ಅಂಚು ತಲುಪಿದ ಮೇಲೂ ಬರೆಯುತ್ತಾ ಹೋದರೆ ಚಿಪ್ ಮುಂದಿನ ಪುಟಕ್ಕೆ ಹೋಗುವುದಿಲ್ಲ, ಅದೇ ಪುಟದ ಮೊದಲಿಗೆ ಬಂದು ಹಳೆಯದರ ಮೇಲೆ ಬರೆಯುತ್ತದೆ. 28ನೇ ಜಾಗದಿಂದ 8 ಬೈಟ್ ಬರೆದರೂ ಹೀಗೆಯೇ. ನಾಲ್ಕು ಬೈಟ್ 28ರಿಂದ 31ಕ್ಕೆ, ಉಳಿದ ನಾಲ್ಕು 0ಯಿಂದ 3ಕ್ಕೆ. ಓದುವಾಗ ಈ ಸುತ್ತು ಇಲ್ಲ, ಹಾಗಾಗಿಯೇ ಗೊಂದಲ. ಅಂಚು ಬಂದಲ್ಲಿ ನಿಲ್ಲಿಸಿ, ಮುಂದಿನ ಪುಟದ ವಿಳಾಸ ಕೊಟ್ಟು ಹೊಸದಾಗಿ ಶುರುಮಾಡಿ.

ಊನೋದಲ್ಲಿ ಇನ್ನೊಂದು ಗೋಡೆ ಇದೆ. ವೈರ್ ಲೈಬ್ರರಿಯ ಬಫರ್ (ಕಳಿಸುವ ಮುಂಚೆ ಡೇಟಾ ತುಂಬಿಡುವ ಜಾಗ) 32 ಬೈಟ್ ಮಾತ್ರ. ಅದರಲ್ಲಿ ಎರಡು ಬೈಟ್ ಒಳಗಿನ ವಿಳಾಸಕ್ಕೆ ಹೋದರೆ ಡೇಟಾಕ್ಕೆ ಉಳಿಯುವುದು 30. ನಾನು ಆಕೆಗೆ 16 ಬೈಟಿನ ತುಂಡು ಮಾಡಿಕೊಳ್ಳಲು ಹೇಳಿದೆ. 32, 64 ಎರಡೂ 16ರಿಂದ ಸರಿಯಾಗಿ ಭಾಗ ಹೋಗುತ್ತವೆ, ಬಫರಿಗೂ ಭಾರ ಅಲ್ಲ.

ಎಲ್ಲ ಡೇಟಾವೂ ಒಂದು ಬೈಟ್ ಸರಿದು ಕಾಣುತ್ತಿದ್ದರೆ ವಿಳಾಸದ ಉದ್ದ ನೋಡಿ. 24ಸಿ02ರಿಂದ 24ಸಿ16ರವರೆಗೆ ಒಳಗಿನ ವಿಳಾಸ ಒಂದು ಬೈಟ್. 24ಸಿ32ರಿಂದ ಮೇಲೆ ಎರಡು. ಚಿಕ್ಕ ಚಿಪ್ಪಿನ ಪ್ರೋಗ್ರಾಮನ್ನು ದೊಡ್ಡದಕ್ಕೆ ಹಾಕಿದರೆ ನಿಮ್ಮ ಮೊದಲ ಡೇಟಾ ಬೈಟನ್ನೇ ಅದು ವಿಳಾಸ ಅಂತ ನುಂಗುತ್ತದೆ.

ಮೇಲೆ 24ಸಿ256 ಅಂತ ಬರೆದು ಒಳಗೆ ಚಿಕ್ಕ ಚಿಪ್ ಇಟ್ಟು ಮಾರುವುದೂ ಉಂಟು. ಖಾಲಿ ಚಿಪ್ಪಿನ ಮೇಲೆ ಮಾತ್ರ ಮಾಡುವ ಪರೀಕ್ಷೆ ಇದು: 0ನೇ ಜಾಗಕ್ಕೆ 11 ಬರೆಯಿರಿ, 8192ನೇ ಜಾಗಕ್ಕೆ 22 ಬರೆಯಿರಿ, ಮತ್ತೆ 0ನೇ ಜಾಗ ಓದಿ. 22 ಬಂದರೆ ಒಳಗಿರುವುದು 8192 ಬೈಟಿನ 24ಸಿ64 ಅಥವಾ ಅದಕ್ಕೂ ಚಿಕ್ಕದು.

## ಫ್ಲ್ಯಾಶ್ ಚಿಪ್ ಓದಿದರೆ ಬರೀ ಎಫ್‌ಎಫ್, ಇಲ್ಲವೇ ಬರೀ ಸೊನ್ನೆ

ಎಸ್‌ಪಿಐ ಚಿಪ್ಪಿನಲ್ಲಿ ಹೂಂ ಅನ್ನುವ ಪದ್ಧತಿ ಇಲ್ಲ. ಯಾರೂ ಇಲ್ಲದಿದ್ದರೂ ಕಂಟ್ರೋಲರ್ ಏನೋ ಒಂದು ಓದುತ್ತದೆ. ಖಾಲಿ ಚಿಪ್ಪೂ ಎಫ್‌ಎಫ್ (ಹೆಕ್ಸ್‌ನಲ್ಲಿ, ಎಂಟೂ ಬಿಟ್ 1), ತುಂಡಾದ ವೈರೂ ಎಫ್‌ಎಫ್. ಎರಡನ್ನೂ ಬೇರೆ ಮಾಡಲು ಮೊದಲು ಚಿಪ್ಪಿನ ಗುರುತು ಕೇಳಿ: 9ಎಫ್ ಕಮಾಂಡ್ ಕಳಿಸಿ ಮೂರು ಬೈಟ್ ಓದಿ. ಡಬ್ಲ್ಯು25ಕ್ಯು32 ಆದರೆ ಇಎಫ್ 40 16 ಬರಬೇಕು. 64 ಆದರೆ ಕೊನೆಗೆ 17, 128 ಆದರೆ 18.

ಬರದಿದ್ದರೆ ವೈರ್. 1 ಸಿಎಸ್ (ಚಿಪ್ಪನ್ನು ಕರೆಯುವ ಕಾಲು), 2 ಡಿಒ (ಡೇಟಾ ಹೊರಗೆ), 5 ಡಿಐ (ಡೇಟಾ ಒಳಗೆ), 6 ಕ್ಲಾಕ್. ಡಿಒ ಹೋಗಬೇಕಾದ್ದು ಕಂಟ್ರೋಲರಿನ ಮೀಸೋಗೆ, ಡಿಐ ಮೋಸಿಗೆ. 3 ಮತ್ತು 7ನೇ ಕಾಲನ್ನು ಸಪ್ಲೈಗೆ ಕಟ್ಟಿ. 7ನೆಯದು ಹೋಲ್ಡ್, ಅದು ತೇಲುತ್ತಿದ್ದರೆ ಮಾತಿನ ಮಧ್ಯೆ ಚಿಪ್ ತಡೆದು ನಿಲ್ಲುತ್ತದೆ. ಸಿಎಸ್‌ಗೆ 10 ಕೆ ಪುಲ್-ಅಪ್ ಹಾಕಿದರೆ ಕಂಟ್ರೋಲರ್ ರೀಸೆಟ್ ಆಗುವಾಗ ಚಿಪ್ ಸುಮ್ಮನಿರುತ್ತದೆ. ಇಎಸ್‌ಪಿ32 ಆದರೆ 6ರಿಂದ 11ರವರೆಗಿನ ಪಿನ್ ಮುಟ್ಟಬೇಡಿ, ಅವು ಅದರ ಸ್ವಂತ ಫ್ಲ್ಯಾಶಿಗೆ ಹೋಗಿವೆ.

ಇಎಫ್ 40 16ರ ಬದಲು ಡಿಇ 80 ಅಂತ ಬಂದರೆ ಸಂತೋಷ ಪಡಿ. ಚಿಪ್ ಮಾತಾಡುತ್ತಿದೆ, ಒಂದು ಬಿಟ್ ಮಾತ್ರ ಸರಿದಿದೆ. ಎಸ್‌ಪಿಐ ಮೋಡ್ 0 ಅಥವಾ 3 ಇಟ್ಟು, ವೇಗವನ್ನು 1 ಮೆಗಾಹರ್ಟ್ಸ್‌ಗೆ ಇಳಿಸಿ. ಬ್ರೆಡ್‌ಬೋರ್ಡಿನ ಮೇಲೆ 20, 40 ಮೆಗಾಹರ್ಟ್ಸ್ ಓಡಿಸಲು ಹೋಗಬೇಡಿ.

ವೋಲ್ಟೇಜ್ ವಿಷಯದಲ್ಲಿ ಈ ಚಿಪ್ ಕ್ಷಮಿಸುವುದಿಲ್ಲ. ಅದಕ್ಕೆ 2.7ರಿಂದ 3.6 ವೋಲ್ಟ್ ಮಾತ್ರ. ಊನೋದ 5 ವೋಲ್ಟ್ ಪಿನ್ನುಗಳನ್ನು ನೇರ ಸೇರಿಸಬೇಡಿ, ವೋಲ್ಟೇಜ್ ಹೊಂದಿಸುವ ಲೆವೆಲ್ ಕನ್ವರ್ಟರ್ ಹಾಕಿ. ಕಂಪ್ಯೂಟರಿನಿಂದ ಚಿಪ್ ಓದಿ ಬರೆಯಲು ಬಳಸುವ ಸಿಎಚ್341ಎ ಎಂಬ ಕಪ್ಪು ಪ್ರೋಗ್ರಾಮರ್ ಸಾಧನದಲ್ಲೂ ಇದೇ ಸಮಸ್ಯೆ. ಚಿಪ್ಪಿಗೆ 3.3 ಕೊಟ್ಟು ಡೇಟಾ ಪಿನ್ನಿನಲ್ಲಿ 5 ವೋಲ್ಟ್ ಬಿಡುವ ಬೋರ್ಡುಗಳು ಬಹಳ ಇವೆ. ಅಳೆಯದೆ ಬಳಸಬೇಡಿ.

ಗುರುತು ಸರಿ ಬಂದು ಬರಹ ಮಾತ್ರ ಆಗದಿದ್ದರೆ: ಪ್ರತಿ ಬರಹಕ್ಕೂ, ಪ್ರತಿ ಅಳಿಸುವಿಕೆಗೂ ಮುಂಚೆ 06 ಕಮಾಂಡ್ ಕಳಿಸಬೇಕು. ಒಂದು ಸಲ ಕಳಿಸಿ ಹತ್ತು ಸಲ ಬರೆಯಲು ಆಗದು, ಪ್ರತಿ ಸಲವೂ ಆ ಅನುಮತಿ ತಾನಾಗಿ ರದ್ದಾಗುತ್ತದೆ. ಅಳಿಸದೆ ಹಳೆಯದರ ಮೇಲೆ ಬರೆದರೆ 1 ಇದ್ದದ್ದು 0 ಆಗುತ್ತದೆ, 0 ಇದ್ದದ್ದು 1 ಆಗುವುದಿಲ್ಲ. ಎಫ್0 ಮೇಲೆ 0ಎಫ್ ಬರೆದರೆ 00 ಸಿಗುತ್ತದೆ. ಒಂದು ಸಲ ಅಳಿಸಿದರೆ ಕನಿಷ್ಠ 4096 ಬೈಟ್ ಹೋಗುತ್ತದೆ, ಅದಕ್ಕೆ 400 ಮಿಲಿಸೆಕೆಂಡ್ ವರೆಗೂ ಹಿಡಿಯಬಹುದು. 05 ಕಮಾಂಡಿನಿಂದ ಸ್ಥಿತಿ ಓದಿ, ಕೊನೆಯ ಬಿಟ್ 0 ಆಗುವವರೆಗೆ ಕಾಯಿರಿ.

## ಮೇಜಿನ ಮೇಲೆ ಸರಿ, ಮೋಟರ್ ಶುರುವಾದ ಕೂಡಲೇ ಹ್ಯಾಂಗ್

ಮಿಲ್ಲಿನಿಂದ ಬರುವ ಡಬ್ಬಿಗಳ ದೊಡ್ಡ ಕಾಯಿಲೆ ಇದು. ಮೋಟರ್ ಆನ್-ಆಫ್ ಮಾಡುವ ಕಾಂಟ್ಯಾಕ್ಟರ್ "ಟಕ್" ಅಂದಾಗ ಹುಟ್ಟುವ ಸಿಡಿತ ಎಸ್‌ಸಿಎಲ್ ಲೈನಿಗೆ ಬಂದರೆ ಚಿಪ್ ಅದನ್ನು ಒಂದು ಕ್ಲಾಕ್ ಅಂತ ಎಣಿಸುತ್ತದೆ. ಅಲ್ಲಿಂದ ಇಬ್ಬರ ಲೆಕ್ಕ ತಪ್ಪುತ್ತದೆ. ಕಂಟ್ರೋಲರ್ ಮಧ್ಯದಲ್ಲಿ ರೀಸೆಟ್ ಆದರೂ ಅಷ್ಟೇ. ಚಿಪ್ ಒಂದು 0 ಹೇಳಬೇಕೆಂದು ಎಸ್‌ಡಿಎ ಕೆಳಗೆ ಹಿಡಿದು, ಮುಂದಿನ ಕ್ಲಾಕಿಗೆ ಕಾಯುತ್ತಾ ಕೂತಿರುತ್ತದೆ. ಕಂಟ್ರೋಲರ್ ಎದ್ದು ನೋಡಿದರೆ ಲೈನ್ ಬಿಡುವಿಲ್ಲ. ಅದೂ ಕಾಯುತ್ತದೆ. ರೀಸೆಟ್ ಬಟನ್ ಒತ್ತಿದರೆ ಹೋಗದೆ, ಸಪ್ಲೈ ತೆಗೆದು ಹಾಕಿದರೆ ಮಾತ್ರ ಸರಿಹೋಗುವ ಹ್ಯಾಂಗ್ ಇದ್ದರೆ ನೂರಕ್ಕೆ ತೊಂಬತ್ತು ಇದೇ ಅಂತ ನಾನು ಹಿಡಿದುಕೊಳ್ಳುತ್ತೇನೆ.

ಬಿಡುಗಡೆ ಸುಲಭ. ಪ್ರೋಗ್ರಾಮ್ ಶುರುವಿನಲ್ಲೇ, ವೈರ್ ಲೈಬ್ರರಿ ಎಬ್ಬಿಸುವ ಮುಂಚೆ, ಎಸ್‌ಸಿಎಲ್ ಪಿನ್ನನ್ನು ಕೈಯಾರೆ 9 ಸಲ ಕೆಳಗೆ ಮೇಲೆ ಮಾಡಿ. ಚಿಪ್ ತನ್ನ ಬಾಕಿ ಬಿಟ್ಟುಗಳನ್ನು ಹೇಳಿ ಮುಗಿಸಿ ಎಸ್‌ಡಿಎ ಬಿಡುತ್ತದೆ. ಆಮೇಲೆ ಎಸ್‌ಸಿಎಲ್ ಮೇಲಿರುವಾಗ ಎಸ್‌ಡಿಎಯನ್ನು ಕೆಳಗಿನಿಂದ ಮೇಲಕ್ಕೆ ತಂದು ಸ್ಟಾಪ್ ಕೊಡಿ. ವೈರ್ ಲೈಬ್ರರಿಯ ಟೈಮ್‌ಔಟನ್ನೂ ಆನ್ ಮಾಡಿ, ಊನೋದಲ್ಲಿ ಅದು ತಾನಾಗಿ ಆನ್ ಇರುವುದಿಲ್ಲ.

ಅದು ಬಿಡುಗಡೆ ಅಷ್ಟೇ, ಮೂಲವನ್ನೂ ಹುಡುಕಬೇಕು. ಚಿಪ್ಪಿನ 8 ಮತ್ತು 4ನೇ ಕಾಲಿನ ನಡುವೆ, ಕಾಲಿಗೆ ಅಂಟಿಕೊಂಡ ಹಾಗೆ, 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇದೆಯಾ ನೋಡಿ. ನಾಲ್ಕಾಣೆ ಬೆಲೆಯ ಸಾಮಾನು, ಎಷ್ಟೋ ಬೋರ್ಡಿನಲ್ಲಿ ಇರುವುದೇ ಇಲ್ಲ. ಐ2ಸಿ ವೈರ್ ಒಂದು ಮೀಟರ್ ಎಳೆದು ಮೋಟರ್ ಕೇಬಲ್ ಜೊತೆಗೇ ಕಟ್ಟಿದ್ದರೆ ಬಿಡಿಸಿ, ಮೆಮೊರಿಯನ್ನು ಕಂಟ್ರೋಲರ್ ಪಕ್ಕಕ್ಕೇ ತನ್ನಿ. ಐ2ಸಿ ಒಂದು ಬೋರ್ಡಿನ ಒಳಗಿನ ಓಡಾಟಕ್ಕೆ ಮಾಡಿದ್ದು. ವೇಗ 400 ಕಿಲೋಹರ್ಟ್ಸ್ ಇದ್ದರೆ 100ಕ್ಕೆ ಇಳಿಸಿ. ಕಾಂಟ್ಯಾಕ್ಟರ್ ಕಾಯಿಲಿಗೆ ಸ್ನಬರ್ (ಸಿಡಿತ ಹೀರುವ ಜೋಡಣೆ) ಹಾಕುವ ಕೆಲಸವನ್ನು ಎಲೆಕ್ಟ್ರಿಷಿಯನ್ನಿಗೇ ಬಿಡಿ.

## ಕರೆಂಟ್ ಹೋಗಿ ಬಂದಮೇಲೆ ಲೆಕ್ಕ ಸೊನ್ನೆ, ಅಥವಾ ಇಲ್ಲದ ದೊಡ್ಡ ಸಂಖ್ಯೆ

ಕುಷ್ಟಗಿಯವರ ಡಬ್ಬಿಗೆ ಬರುತ್ತೇನೆ. ಸ್ಕ್ಯಾನ್ ಮಾಡಿದೆ, 0ಎಕ್ಸ್50 ತಕ್ಷಣ ಸಿಕ್ಕಿತು. 4096 ಬೈಟನ್ನೂ ಓದಿ ಉಳಿಸಿದೆ. ಚಿಪ್ಪಿಗೆ ಏನೂ ಆಗಿರಲಿಲ್ಲ.

ಆಗಿದ್ದೇನು ಅಂತ ಚಿಕ್ಕ ಉದಾಹರಣೆಯಲ್ಲಿ ಹೇಳುತ್ತೇನೆ. ಎರಡು ಬೈಟಿನ ಎಣಿಕೆ 255ರಿಂದ 256ಕ್ಕೆ ಹೋಗಬೇಕು ಅಂದುಕೊಳ್ಳಿ. ಮೇಲಿನ ಬೈಟ್ 0ಯಿಂದ 1 ಆಗಬೇಕು, ಕೆಳಗಿನದು 255ರಿಂದ 0 ಆಗಬೇಕು. ಮೇಲಿನದು ಬದಲಾಗಿ ಕೆಳಗಿನದು ಬದಲಾಗುವ ಮುಂಚೆ ಕರೆಂಟ್ ಹೋದರೆ, ಬೆಳಗ್ಗೆ ಓದಿದಾಗ ಸಿಗುವುದು 511. ಮೊದಲು ಕೆಳಗಿನದನ್ನು ಬರೆಯುವ ಪ್ರೋಗ್ರಾಮ್ ಆಗಿದ್ದರೆ ಸಿಗುವುದು 0. ಇವರ ಡಬ್ಬಿಯಲ್ಲಿ ನಾಲ್ಕು ಬೈಟಿನ ಎಣಿಕೆ, ಒಂದು ಚೆಕ್‌ಸಮ್ (ಬರೆದದ್ದು ಸರಿಯೇ ಅಂತ ತಾಳೆ ನೋಡುವ ಸಂಖ್ಯೆ) ಇತ್ತು. ಅರ್ಧ ಬರೆದದ್ದು ತಾಳೆಯಾಗಲಿಲ್ಲ, ತಾಳೆಯಾಗದಿದ್ದರೆ ಸೊನ್ನೆಯಿಂದ ಶುರುಮಾಡು ಅಂತ ಪ್ರೋಗ್ರಾಮ್ ಬರೆದವರು ಹೇಳಿದ್ದರು. ಆದರೆ ಅದೇ ಚಿಪ್ಪಿನಲ್ಲಿ ಮುಂದಿನ ಪುಟಗಳಲ್ಲಿ ದಿನದಿನದ ತಾಸು ಸಾಲಾಗಿ ಹಾಗೇ ಕೂತಿದ್ದವು. ಎಲ್ಲ ಕೂಡಿಸಿದೆ. ಆ ರಾತ್ರಿಯ ಒಂದು ಪಾಳಿ ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ಹಾಳೆಯ ಮೇಲೆ ಎರಡು ಕಾಲಂ ಬರೆದು ಕೊಟ್ಟಾಗ ಅಣ್ಣ ಮೊದಲ ಸಲ ಬಾಯಿಬಿಟ್ಟ: "ರಾತ್ರಿ ಪಾಳಿ ಇವಂದು. ಮೂರು ತಾಸು ಓಡೇತಿ, ಇವನ ಹೆಸರಿಗೇ ಬರೀರಿ." ತಮ್ಮ ಹೂಂ ಅಂದ.

ಮತ್ತೆ ಹೀಗಾಗದಿರಲು ಮಾಡಿದ ಕೆಲಸ ಹೇಳುತ್ತೇನೆ. ಎಣಿಕೆಯನ್ನು ಎರಡು ಪುಟದಲ್ಲಿ ಸಲಕ್ಕೊಂದರಂತೆ ಬರೆಯುವಂತೆ ಮಾಡಿದೆ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಚೆಕ್‌ಸಮ್. ಒಂದು ಹಾಳಾದರೆ ಹಿಂದಿನದು ಇರುತ್ತದೆ. ಅದರಲ್ಲಿದ್ದ ಎಟಿಮೆಗಾ328ಪಿ ಕಂಟ್ರೋಲರ್ 16 ಮೆಗಾಹರ್ಟ್ಸ್‌ನಲ್ಲಿ ನೆಟ್ಟಗೆ ಓಡಲು ಸುಮಾರು 3.8 ವೋಲ್ಟ್ ಬೇಕು. ಆದರೆ ಊನೋದಂತೆ ಬ್ರೌನ್-ಔಟ್ ಫ್ಯೂಸ್ (ವೋಲ್ಟೇಜ್ ಎಷ್ಟಕ್ಕೆ ಇಳಿದರೆ ಕಂಟ್ರೋಲರ್ ನಿಲ್ಲಬೇಕು ಅನ್ನುವ ಸೆಟ್ಟಿಂಗ್) 2.7ಕ್ಕೆ ಇತ್ತು. ಆ ನಡುವಿನ ವೋಲ್ಟೇಜಿನಲ್ಲಿ ಕಂಟ್ರೋಲರ್ ಏನು ಬೇಕಾದರೂ ಬರೆಯಬಹುದು. ಅದನ್ನು 4.3ಕ್ಕೆ ಏರಿಸಿದೆ. ಸಪ್ಲೈಗೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದೆ. ಬೋರ್ಡು 30 ಮಿಲಿಆಂಪಿಯರ್ ಎಳೆದರೆ, 5ರಿಂದ 4.3ಕ್ಕೆ ಇಳಿಯುವಷ್ಟರಲ್ಲಿ ಸುಮಾರು 11 ಮಿಲಿಸೆಕೆಂಡ್ ಸಿಗುತ್ತದೆ. ಒಂದು ಪುಟ ಬರೆಯಲು ಬೇಕಾದ್ದು 5.

## ಇಷ್ಟು ದಿನ ಸರಿ ಇತ್ತು, ಈಗ ಒಂದೇ ಜಾಗ ಕೈಕೊಡುತ್ತದೆ

ಬೇರೆಲ್ಲ ಜಾಗ ಸರಿಯಾಗಿ ಬರೆದು ಓದಿ, ಒಂದೇ ವಿಳಾಸದಲ್ಲಿ ತಪ್ಪು ಬಂದರೆ ಅದು ನಿಜವಾದ ಸವೆತ. 24ಸಿ ಚಿಪ್ಪುಗಳಿಗೆ ಸಾಮಾನ್ಯವಾಗಿ 10 ಲಕ್ಷ ಬರಹ ಅಂತ ಕಂಪನಿ ಹೇಳುತ್ತದೆ, ಡಬ್ಲ್ಯು25ಕ್ಯು ಫ್ಲ್ಯಾಶಿಗೆ 1 ಲಕ್ಷ. ಸೆಕೆಂಡಿಗೊಮ್ಮೆ ಒಂದೇ ಜಾಗಕ್ಕೆ ಬರೆದರೆ 10 ಲಕ್ಷ ಹನ್ನೊಂದೂವರೆ ದಿನದಲ್ಲಿ ಮುಗಿಯುತ್ತದೆ! ನಿಮಿಷಕ್ಕೊಮ್ಮೆ ಆದರೆ 694 ದಿನ. ಅದೂ 25 ಡಿಗ್ರಿಯಲ್ಲಿ ಹೇಳಿದ ಮಾತು. ರಾಯಚೂರಿನ ಮೇ ತಿಂಗಳಲ್ಲಿ ತಗಡಿನ ಡಬ್ಬಿ ಎಷ್ಟು ಕಾಯುತ್ತದೆ ಅಂತ ಮುಟ್ಟಿದವರಿಗೆ ಗೊತ್ತು, ಅಲ್ವಾ? 24ಸಿ32ರಲ್ಲಿ 128 ಪುಟ ಇವೆ. ಒಂದೇ ಜಾಗ ಉಜ್ಜುವ ಬದಲು ಸರದಿಯಂತೆ ಬರೆಯುತ್ತಾ ಹೋದರೆ ಆಯಸ್ಸು ಅಷ್ಟೇ ಪಟ್ಟು.

ಬಿಸಿಲಿನಲ್ಲಿ ಮಾತ್ರ ಅಥವಾ ಮಳೆಗಾಲದಲ್ಲಿ ಮಾತ್ರ ಬರುವ ದೋಷ ಚಿಪ್ಪಿನದಲ್ಲ ಅಂತಲೇ ಹಿಡಿಯಿರಿ. ಬಿಸಿಗೆ ಬಂದರೆ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ), ಭೂತಗನ್ನಡಿಯಲ್ಲಿ ಕಾಲಿನ ಸುತ್ತ ಕೂದಲಿನಂಥ ಗೆರೆ ಕಾಣುತ್ತದೆ. ತೇವಕ್ಕೆ ಬಂದರೆ ತೌಡು, ಹೊಟ್ಟಿನ ಧೂಳು ಕಾಲುಗಳ ನಡುವೆ ಅಂಟಿರುತ್ತದೆ. ಬ್ರಷ್, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದು ಪೂರ್ತಿ ಒಣಗಿಸಿ. ಆಲ್ಕೋಹಾಲ್ ಬೇಗ ಬೆಂಕಿ ಹಿಡಿಯುತ್ತದೆ, ಬಿಸಿ ಐರನ್ ಪಕ್ಕದಲ್ಲಿ ಬೇಡ.

## ಎಲ್ಲಿ ನಿಲ್ಲಿಸಬೇಕು, ಕೀಳಲೇಬೇಕಾದರೆ ಹೇಗೆ

ಚಿಪ್ ಮುಟ್ಟಿದರೆ ಬೆರಳು ಸುಡುತ್ತಿದ್ದರೆ ತಕ್ಷಣ ಸಪ್ಲೈ ತೆಗೆಯಿರಿ. ಉಲ್ಟಾ ಕೂರಿಸಿದೆ ಅಥವಾ ಒಳಗೆ ಶಾರ್ಟ್ ಆಗಿದೆ. ಮೇಲಿನದೆಲ್ಲ ನೋಡಿಯೂ ಸಿಗದಿದ್ದರೆ ಎಂಟು ಚಾನೆಲ್ಲಿನ ಚಿಕ್ಕ ಲಾಜಿಕ್ ಅನಲೈಸರ್ ಇರುವವರ ಹತ್ತಿರ ಹೋಗಿ. ಪಲ್ಸ್‌ವ್ಯೂ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಯಾರು ಏನು ಹೇಳಿದರು, ಯಾರು ಹೂಂ ಅನ್ನಲಿಲ್ಲ ಎಲ್ಲ ಸಾಲಾಗಿ ಕಾಣುತ್ತದೆ. ಹಣದ ಲೆಕ್ಕ, ಆಸ್ಪತ್ರೆಯ ಯಂತ್ರ, ಕೋರ್ಟಿಗೆ ಹೋಗಬಹುದಾದ ದಾಖಲೆ ಇರುವ ಚಿಪ್ಪಾದರೆ ಸ್ಕ್ಯಾನ್‌ವರೆಗೆ ಮಾತ್ರ ನೀವು ಮಾಡಿ, ಮುಂದಿನದನ್ನು ಡೇಟಾ ತೆಗೆಯುವುದರಲ್ಲಿ ಪಳಗಿದವರಿಗೆ ಬಿಡಿ.

ಕೀಳುವ ಮುಂಚೆ ಇನ್ನೊಂದು ದಾರಿ ಇದೆ. ಕಂಟ್ರೋಲರಿನ ರೀಸೆಟ್ ಪಿನ್ನನ್ನು ಗ್ರೌಂಡಿಗೆ ಹಿಡಿದು ಅದನ್ನು ಮಲಗಿಸಿ, ಬೇರೊಂದು ಒಳ್ಳೆಯ ಬೋರ್ಡಿನಿಂದ ಚಿಪ್ಪಿಗೆ ವೈರ್ ಎಳೆದು ಓದಿ ನೋಡಿ. ಇಲ್ಲಿ ಓದಿದರೆ ತಪ್ಪು ಹಳೇ ಕಂಟ್ರೋಲರಿನದು. ಇಲ್ಲೂ ಉತ್ತರ ಇಲ್ಲದಿದ್ದರೆ ಮಾತ್ರ ಹಾಟ್ ಏರ್ ತೆಗೆದುಕೊಳ್ಳಿ. ಫ್ಲಕ್ಸ್ ಹಚ್ಚಿ, ಅಕ್ಕಪಕ್ಕದ ಪ್ಲಾಸ್ಟಿಕ್ ಕನೆಕ್ಟರಿಗೆ ಟೇಪ್ ಮರೆ ಮಾಡಿ, ಕಾಲುಗಳು ಪೂರ್ತಿ ಕರಗಿದ ಮೇಲೆ ಎತ್ತಿ. ಎಳೆದರೆ ಬೋರ್ಡಿನ ತಾಮ್ರ ಕಿತ್ತು ಬರುತ್ತದೆ. ಹೊಸ ಚಿಪ್ಪಿಗೆ ಬೆಂಗಳೂರಿನ ಎಸ್‌ಪಿ ರೋಡಿಗೋ ಹೈದರಾಬಾದಿನ ಕೋಠಿಗೋ ಹೋಗುವವರ ಕೈಲಿ ಹೇಳಿಕಳಿಸುವಾಗ ಪೂರ್ತಿ ನಂಬರ್ ಬರೆದುಕೊಡಿ, ಎರಡು ಜಾಸ್ತಿ ತರಿಸಿ. ಕಿತ್ತ ಹಳೇ ಚಿಪ್ಪನ್ನು ಚಿಕ್ಕ ಕವರಿಗೆ ಹಾಕಿ, ತಾರೀಕು, ಯಾವ ಡಬ್ಬಿಯದು ಅಂತ ಬರೆದು, ಡಬ್ಬಿಯ ಜೊತೆಗೇ ಮಾಲೀಕರ ಕೈಗೆ ಕೊಡಿ.